ಕೊಟ್ಟಿಗೆಯ ಜಾವಾ, ಕೈಯಲ್ಲಿ ಗರಗಸ

ಮೈಸೂರು ಸೀಮೆಯ ಹಳೆಯ ಮನೆಗಳ ಕೊಟ್ಟಿಗೆಯಲ್ಲಿ ಇಣುಕಿದರೆ ಸೌದೆ ರಾಶಿಯ ಹಿಂದೆ ಗೋಣಿಚೀಲ ಹೊದ್ದ ಜಾವಾ ಮೋಟಾರ್ ಸೈಕಲ್ಲೊಂದು ಇವತ್ತಿಗೂ ನಿಂತಿರುವುದುಂಟು. ಟೈರು ನೆಲಕ್ಕೆ ಅಂಟಿರುತ್ತದೆ, ಹೆಡ್‌ಲೈಟಿನೊಳಗೆ ಜೇಡ ಸಂಸಾರ ಹೂಡಿರುತ್ತದೆ. ರಜೆಗೆಂದು ಬಂದ ಮೊಮ್ಮಗ ಗೋಣಿಚೀಲ ಎಳೆದು, "ತಾತ, ಇದನ್ನ ನಾನೇ ರೆಡಿ ಮಾಡ್ತೀನಿ" ಎಂದಾಗ ರಗಳೆ ಶುರು.

'ರೆಡಿ' ಎಂದರೆ ಏನು ಎಂಬಲ್ಲೇ ತಕರಾರು. ತಾತನ ಲೆಕ್ಕದಲ್ಲಿ ಗಾಡಿ ಮೊದಲು ಹೇಗಿತ್ತೋ ಹಾಗಾಗಬೇಕು. ಮೊಮ್ಮಗನ ತಲೆಯಲ್ಲಿರುವುದೇ ಬೇರೆ: ಹಿಂದಿನ ಮಡ್‌ಗಾರ್ಡು ಮೊಟಕು, ಒಂಟಿ ಸೀಟು, ದಪ್ಪ ಟೈರು. ಇದಕ್ಕೆ ಬಾಬರ್ ಎಂದು ಹೆಸರು. ಅಮೆರಿಕದ ಹುಡುಗರು ಗಾಡಿಯ ತೂಕ ಇಳಿಸಿ ಓಟ ಹೆಚ್ಚಿಸಲು ಬೇಡದ್ದನ್ನೆಲ್ಲ ಕಿತ್ತೆಸೆದು ಕಂಡುಕೊಂಡ ರೂಪ ಅದು. ತಪ್ಪೇನಿಲ್ಲ. ಆದರೆ ಗರಗಸ ಹಿಡಿಯುವ ಮುನ್ನ ಎದುರಿಗಿರುವುದು ಯಾವ ಗಾಡಿ ಎಂದು ತಿಳಿದಿರಬೇಕು.

ಜಾವಾ ಹುಟ್ಟಿದ್ದು ಚೆಕೊಸ್ಲೊವಾಕಿಯಾದಲ್ಲಿ, 1929ರಲ್ಲಿ. ಯಾನೆಚೆಕ್ ಎಂಬ ಉದ್ಯಮಿಯ ಹೆಸರಿನ ಮೊದಲಕ್ಷರಗಳೂ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೊದಲಕ್ಷರಗಳೂ ಕೂಡಿ ಆದ ಹೆಸರು. ಇರಾನಿ ಕುಟುಂಬದವರ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಅದನ್ನು ತಯಾರಿಸತೊಡಗಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮತ್ತೆ ಮಾರುಕಟ್ಟೆಗೆ ಬಂತು ನಿಜ, ಅದು ಬೇರೆ ಕಂಪನಿ, ಬೇರೆ ಎಂಜಿನ್ನು. ಅದರ ಬಿಡಿಭಾಗ ಇದಕ್ಕೆ ಆಗಿಬರುವುದಿಲ್ಲ.

ಈ ಗಾಡಿಯಲ್ಲಿ ಕಿಕ್ಕರ್ ಯಾವುದು, ಗೇರು ಯಾವುದು ಎಂದು ಹುಡುಕುವುದರಲ್ಲೇ ಹೊಸಬನ ಮೊದಲ ಅರ್ಧ ಗಂಟೆ ಹೋಗುತ್ತದೆ. ಎರಡೂ ಒಂದೇ! ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಮತ್ತೆ ಮುಂದಕ್ಕೆ ಮಡಚಿದರೆ ಗೇರು. ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು.

ಎಂಜಿನ್ನು ಟೂ-ಸ್ಟ್ರೋಕ್. ಪೆಟ್ರೋಲು ಲೀಟರಿಗೆ 40ರಿಂದ 50 ಮಿಲಿಲೀಟರ್ ಎಣ್ಣೆ ಬೆರೆಸಿಯೇ ಹಾಕಬೇಕು, ಮರೆತರೆ ಪಿಸ್ಟನ್ನು ಕಚ್ಚಿಕೊಂಡಿತೆಂದೇ ಲೆಕ್ಕ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಸೀಲುಗಳ ಮಹಿಮೆ. ಈ ಜಾತಿಯ ಎಂಜಿನ್ನಿನಲ್ಲಿ ಪೆಟ್ರೋಲು ಗಾಳಿ ಎರಡೂ ಮೊದಲು ಕ್ರ್ಯಾಂಕ್ ಇರುವ ಗೂಡಿಗೇ ಬಂದು ಅಲ್ಲಿಂದ ಮೇಲೇರುತ್ತವೆ. ಆದ್ದರಿಂದ ಆ ಗೂಡು ಎಲ್ಲೂ ಸೋರಬಾರದು. ಇಪ್ಪತ್ತು ವರ್ಷ ನಿಂತ ಗಾಡಿಯಲ್ಲಿ ಅದನ್ನು ಕಾಯುವ ರಬ್ಬರ್ ಸೀಲುಗಳು ಒಣಗಿ ಕಲ್ಲಾಗಿರುತ್ತವೆ. ಕ್ಲಚ್ ಬದಿಯ ಸೀಲು ಹೋಗಿದ್ದರೆ ಗೇರು ಎಣ್ಣೆಯೇ ಒಳಗೆ ಸೇರಿ ಉರಿದು, ಬೀದಿ ತುಂಬ ಬಿಳಿ ಹೊಗೆ. ಡೈನಮೊ ಬದಿಯದು ಹೋಗಿದ್ದರೆ ಹೊಗೆಯೂ ಇಲ್ಲ, ಸುಳಿವೂ ಇಲ್ಲ: ಹೆಚ್ಚಿನ ಗಾಳಿ ನುಗ್ಗಿ ಎಂಜಿನ್ನು ಕಾದು, ಊರಾಚೆಯ ಏರಿನಲ್ಲಿ ಕೈಕೊಡುತ್ತದೆ. ಪಾಪ, ಹೊಸಬ ಕಾರ್ಬೊರೇಟರನ್ನು ಹತ್ತು ಸಲ ಬಿಚ್ಚಿ ತೊಳೆಯುತ್ತಾನೆ.

ಸದ್ದು ಜೋರಾಗಲೆಂದು ಸೈಲೆನ್ಸರ್ ಕತ್ತರಿಸುವ ಚಪಲ ಇನ್ನೊಂದು. ಟೂ-ಸ್ಟ್ರೋಕ್ ಗಾಡಿಗೆ ಹೊಗೆಕೊಳವೆಯೂ ಎಂಜಿನ್ನಿನ ಒಂದು ಅಂಗ. ಅದರ ಉದ್ದ ಅಗಲ ಕೆಟ್ಟರೆ ಸದ್ದೇನೋ ಬರುತ್ತದೆ, ಎಳೆತ ಹೋಗುತ್ತದೆ. ಬದಲಿಗೆ ಒಳಗೆ ಗಟ್ಟಿಯಾಗಿ ಕೂತ ಮಸಿಯನ್ನು ಕೆರೆದು ತೆಗೆದರೆ ಖರ್ಚಿಲ್ಲದೆ ಗಾಡಿ ಹಗುರಾಗಿ ಓಡುತ್ತದೆ.

ಟ್ಯಾಂಕಿನ ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಪೆಟ್ರೋಲು ಖಾಲಿ ಮಾಡಿದ ಟ್ಯಾಂಕು ತುಂಬಿದ್ದಕ್ಕಿಂತ ಅಪಾಯ. ಒಳಗೆ ಉಳಿದ ಆವಿಗೆ ವೆಲ್ಡಿಂಗ್ ಕಿಡಿ ತಾಗಿದರೆ ಟ್ಯಾಂಕು ಬಾಂಬಿನಂತೆ ಸಿಡಿಯುತ್ತದೆ. ತೂತು ಮುಚ್ಚುವ ಕೆಲಸವನ್ನು ಅನುಭವಸ್ಥ ಮೇಸ್ತ್ರಿಗೇ ಬಿಡಬೇಕು.

ಇನ್ನು ಚಾಸಿ. ಬಾಬರ್ ಆಗಬೇಕಾದರೆ ಹಿಂಬದಿಯ ಕೊಳವೆ ಕತ್ತರಿಸಬೇಕು. ಹಿಂದಿನ ಶಾಕ್ ಅಬ್ಸಾರ್ಬರುಗಳು ತೂಗಿಕೊಂಡಿರುವುದು ಅಲ್ಲಿಯೇ. ಬೆಸುಗೆ ಸೊಟ್ಟಗಾದರೆ ಹಿಂದಿನ ಚಕ್ರ ಒಂದು ದಾರಿ, ಮುಂದಿನದು ಒಂದು ದಾರಿ. ಜೊತೆಗೆ ಕಾನೂನು ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರು ಹೇಳಿದ ವಿವರಗಳಿಗೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿತು. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ತಂದಿತು, ನಂಬರಿನಲ್ಲಿ 'ವಿಎ' ಎಂಬ ಗುರುತಿನ ಸಮೇತ. ಅರವತ್ತರ ದಶಕದ ಜಾವಾಗಳೆಲ್ಲ ಈಗ ಆ ವಯಸ್ಸು ದಾಟಿವೆ. ಆದರೆ ಚಾಸಿಯನ್ನಾಗಲಿ ಎಂಜಿನ್ನನ್ನಾಗಲಿ ಬದಲಿಸಿದ್ದಕ್ಕೆ ಆ ಗೌರವ ಇಲ್ಲ. ಅಂದರೆ ಗರಗಸದ ಎರಡು ಎಳೆತಕ್ಕೆ ಅರವತ್ತು ವರ್ಷದ ಹಿರಿತನ ಹೋಯಿತು! (ಆ ನಂಬರು ಪಡೆದ ಗಾಡಿಯನ್ನು ದಿನಾ ಆಫೀಸಿಗೆ ಒಯ್ಯುವಂತಿಲ್ಲ ಎಂಬುದೂ ನೆನಪಿರಲಿ.)

ಹಾಗಾದರೆ ಹುಡುಗನ ಆಸೆಗೆ ದಾರಿಯೇ ಇಲ್ಲವೆ? ಇದೆ. ಬೋಲ್ಟು ಬಿಚ್ಚಿ ಬದಲಿಸಬಹುದಾದದ್ದು ಬೇಕಾದಷ್ಟಿದೆ: ಸೀಟು, ಹ್ಯಾಂಡಲ್ಲು, ಬಣ್ಣ. ತೆಗೆದ ಹಳೆಯದನ್ನು ಗುಜರಿಗೆ ಹಾಕದೆ ಅಟ್ಟದ ಮೇಲಿಟ್ಟರೆ ಮನಸ್ಸು ಬದಲಾದ ದಿನ ಮತ್ತೆ ಜೋಡಿಸಬಹುದು. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಇದ್ದೇ ಇವೆ. ಇವೆಲ್ಲಕ್ಕಿಂತ ಮೊದಲು ಆರ್.ಸಿ. ಪುಸ್ತಕ ಹುಡುಕಿ, ಚಾಸಿ ನಂಬರು, ಎಂಜಿನ್ ನಂಬರು ತಾಳೆ ನೋಡಬೇಕು. ಪುಸ್ತಕದ ಅವಧಿ ಮೊದಲ 15 ವರ್ಷಕ್ಕೇ ಮುಗಿದಿರುತ್ತದೆ. ಅದನ್ನು ನವೀಕರಿಸದೆ ಎಂಜಿನ್ನಿಗೆ ದುಡ್ಡು ಸುರಿದವರು ಎಷ್ಟೋ ಮಂದಿ.

ಅಂತೂ ಒಂದು ಭಾನುವಾರ, ಹೊಸ ಸೀಲು, ಹೊಸ ಪ್ಲಗ್ಗು, ಎಣ್ಣೆ ಬೆರೆಸಿದ ಪೆಟ್ರೋಲು. ಮೊಮ್ಮಗ ಹದಿನೈದು ಸಲ ಒದೆಯುತ್ತಾನೆ, ಬೆವರುತ್ತಾನೆ. ಜಗಲಿಯ ಮೇಲೆ ಕೂತ ತಾತ ಕೊನೆಗೆ ಎದ್ದು ಬಂದು, "ಪೆಟ್ರೋಲ್ ಕಾಕ್ ತೆಗೆದಿದ್ದೀಯೇನೋ?" ಎಂದು ಕೇಳುತ್ತಾರೆ.