ಸೋತ ಲಸಿಕೆಯ ಕಥೆ

ಮಕ್ಕಳೇ, ರಾರಾವಿಯ ಎಮ್ಮೆಗಳ ಕಿವಿಯಲ್ಲಿ ಉಣ್ಣೆ ನೋಡಿದ್ದೀರಲ್ಲವೇ? ಮಲೆನಾಡಿನ ಕಾಡಿನಲ್ಲಿ ಇಂಥದ್ದೇ ಒಂದು ಉಣ್ಣೆ ಕಚ್ಚಿದರೆ ಮಂಗನ ಕಾಯಿಲೆ ಬರಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್‌ಫೋರ್ಡ್ ವರ್ಕ್ ಮತ್ತು ಸಂಗಡಿಗರು ವೈರಸ್ಸನ್ನು ಪತ್ತೆ ಹಚ್ಚಿದರು. ಮುಂದೆ ವಿಜ್ಞಾನಿಗಳು ಅದನ್ನು ಕೋಳಿಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು ಲಸಿಕೆ ಮಾಡಿದರು. 1990ರಿಂದ ಜನರಿಗೆ ಕೊಟ್ಟರು. ಆದರೆ ಚುಚ್ಚಿಸಿಕೊಂಡವರಲ್ಲೂ ಕೆಲವರಿಗೆ ಕಾಯಿಲೆ ಬಂತು. ಲೆಕ್ಕ ಹಾಕಿದಾಗ ರಕ್ಷಣೆ ಸಾಲದೆಂದು ತಿಳಿಯಿತು. 2022ರಲ್ಲಿ ಅದನ್ನು ನಿಲ್ಲಿಸಿದರು.

‘ಹಾಗಾದರೆ ಲಸಿಕೆಯೇ ಸುಳ್ಳು’ ಎನ್ನಬೇಡಿ. ನೀವು ನುಂಗಿದ ಪೋಲಿಯೊ ಹನಿಯೂ ಇಂಥದೇ ಲೆಕ್ಕದಲ್ಲಿ ಗೆದ್ದು ಬಂದದ್ದು. ನನ್ನ ತಕರಾರು ಒಂದೇ: ಸೋತ ಲಸಿಕೆಯನ್ನು ಇನ್ನೂ ಬೇಗ ನಿಲ್ಲಿಸಬೇಕಿತ್ತು, ಹೊಸದರ ಕೆಲಸವನ್ನು ಇನ್ನೂ ಬೇಗ ಹಿಡಿಯಬೇಕಿತ್ತು. ಸೌದೆಗೆ, ದರಗಿಗೆ ಕಾಡಿಗೆ ಹೋಗುವವರು ಈಗ ಉಣ್ಣೆ ತಡೆಯುವ ಎಣ್ಣೆ ಹಚ್ಚಿಕೊಂಡೇ ಹೋಗಬೇಕು.