ಗೃಹವಿಚಾರ: ಬಚ್ಚಲ ಕೊಳವೆಯ ಗಾಳಿಕವಾಟ

ಮುಳಬಾಗಿಲಿನ ಮಿತ್ರರೊಬ್ಬರು ನಡುಮನೆಯ ಕೋಣೆಗೆ ಹೊಂದಿಕೊಂಡಂತೆ ಹೊಸ ಬಚ್ಚಲೊಂದನ್ನು ಕಟ್ಟಿಸುತ್ತಿದ್ದಾರೆ. ಅದರ ಗಾಳಿಕೊಳವೆಯನ್ನು ಮಾಳಿಗೆಯ ಮೇಲಕ್ಕೆ ಒಯ್ಯಬೇಕಾದರೆ ತಾರಸಿಯನ್ನು ಕೊರೆಯಬೇಕಾಗುವುದು. ಅದಕ್ಕೆ ಬದಲಾಗಿ ಅಂಗಡಿಯವರು ಅಂಗೈಯಗಲದ ಪ್ಲಾಸ್ಟಿಕ್ ವಾಲ್ವೊಂದನ್ನು ತೋರಿಸಿದರಂತೆ. ಹಾಕಿಸಬಹುದೇ, ಕೂಡದೇ ಎಂದು ಮಿತ್ರರು ನಮ್ಮನ್ನು ಕೇಳಿದ್ದಾರೆ. ನಾವು ಪಾಠ ಹೇಳಿದವರೇ ಹೊರತು ಕೊಳಾಯಿ ಕೆಲಸದವರಲ್ಲ. ಆದರೂ ಇದೇ ವಾಲ್ವಿನಿಂದ ಒಮ್ಮೆ ಕೆಟ್ಟವರಾದುದರಿಂದ ಉತ್ತರ ಹೇಳುವ ಅಧಿಕಾರ ನಮಗುಂಟೆಂದು ಭಾವಿಸುತ್ತೇವೆ.

ನಮ್ಮ ಬಾಲ್ಯದಲ್ಲಿ ಮಾಲೂರು ಹೆಂಚಿನ ಮನೆಗಳ ಬಚ್ಚಲ ನೀರು ಹಿತ್ತಿಲ ಬಾಳೆಯ ಬುಡಕ್ಕೆ ಹರಿಯುತ್ತಿತ್ತು. ಪಾಯಿಖಾನೆಯೋ ಮನೆಯಿಂದ ದೂರ. ಈಗ ಎರಡೂ ಮಲಗುವ ಕೋಣೆಯ ಪಕ್ಕಕ್ಕೇ ಬಂದಿವೆ. ಸೆಪ್ಟಿಕ್ ಟ್ಯಾಂಕಿನ ವಾಯುವಿಗೂ ನಮ್ಮ ಮೂಗಿಗೂ ನಡುವೆ ಉಳಿದಿರುವುದು ಟ್ರ್ಯಾಪ್ ಎಂಬ ಬಾಗಿದ ಕೊಳವೆಯಲ್ಲಿ ನಿಂತ ಎರಡಂಗುಲ ನೀರು ಮಾತ್ರ. ಆ ವಾಯುವಿನಲ್ಲಿ ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಎಂಬ ವಿಷವೂ ಉರಿಯುವ ಮೀಥೇನೂ ಇರುತ್ತವೆ.

ಪಾಯಿಖಾನೆಗೆ ಒಂದು ಬಕೆಟ್ಟು ನೀರನ್ನು ಸುರಿದಾಗ ಅದು ಕೊಳವೆಯಲ್ಲಿ ಇಳಿಯುತ್ತ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಹಿಂದಿನಿಂದ ಬೇರೆ ಗಾಳಿ ಬಂದು ತುಂಬದಿದ್ದರೆ ಆ ಸೆಳೆತವು ಪಕ್ಕದ ಟ್ರ್ಯಾಪಿನ ನೀರನ್ನೇ ಹೀರಿಬಿಡುವುದು. ಬಚ್ಚಲಲ್ಲಿ ಕೇಳುವ ಗುಳುಗುಳು ಸದ್ದು ಇದರದೇ. ಮಾಳಿಗೆಯ ಮೇಲೆ ಬಾಯ್ದೆರೆದು ನಿಂತ ಕೊಳವೆ ಈ ಕೊರತೆಯನ್ನು ತುಂಬುತ್ತದೆ. ಸ್ವೀಡನ್ ದೇಶದಲ್ಲಿ 1970ರ ದಶಕದಲ್ಲಿ ಹುಟ್ಟಿದ ಈ ವಾಲ್ವೂ ಅದನ್ನೇ ಮಾಡುತ್ತದೆ: ಸೆಳೆತ ಬಂದಾಗ ಒಳಗಿನ ರಬ್ಬರಿನ ಬಿಲ್ಲೆ ಮೇಲೆದ್ದು ಗಾಳಿಗೆ ದಾರಿ ಕೊಡುತ್ತದೆ, ಸೆಳೆತ ನಿಂತೊಡನೆ ಕುಳಿತು ಮುಚ್ಚಿಕೊಳ್ಳುತ್ತದೆ. ಚಕ್ರವ್ಯೂಹದಲ್ಲಿ ಅಭಿಮನ್ಯುವಿಗಾದಂತೆ ಗಾಳಿಗೆ ಇಲ್ಲಿ ಪ್ರವೇಶವುಂಟು, ನಿರ್ಗಮವಿಲ್ಲ.

ಈ ಕಡೆಯ ಮಾತನ್ನರಿಯದೆ ನಾವು ಕೆಟ್ಟೆವು. ಕೋಲಾರದ ನಮ್ಮ ಮನೆಗೂ ಗುಂಡಿಗೂ ಸೇರಿ ಗಾಳಿಕೊಳವೆ ಇದ್ದುದು ಒಂದೇ. ಬಟ್ಟೆ ಒಣಹಾಕಲು ಮಾಳಿಗೆಗೆ ಹೋದರೆ ಅದು ನಾರುವುದೆಂದು ಸೊಸೆ ಹೇಳಿದಳು. "ಕತ್ತರಿಸಿ ವಾಲ್ವು ಕೂರಿಸಿಬಿಡ್ತೀನಿ ಮೇಷ್ಟ್ರೇ, ವಾಸನೇನೇ ಇರೋದಿಲ್ಲ" ಎಂದರು ಕೆಲಸದವರು. ಮಾಳಿಗೆಯ ವಾಸನೆ ಹೋಯಿತು, ನಿಜ. ವಾರದೊಳಗಾಗಿ ಅದು ಮೊಮ್ಮಗು ಮಲಗುವ ಕೋಣೆಯ ಬಚ್ಚಲಲ್ಲಿ ಕಾಣಿಸಿಕೊಂಡಿತು. ಗುಂಡಿಯಲ್ಲಿ ಹುಟ್ಟಿದ ವಾಯು ಮೇಲೆ ಹೋಗಲಾರದೆ ಟ್ರ್ಯಾಪಿನ ನೀರನ್ನು ನೂಕಿ ಗುಳ್ಳೆಗುಳ್ಳೆಯಾಗಿ ಒಳಬರುತ್ತಿತ್ತು. ಮಗು ರಾತ್ರಿಯೆಲ್ಲ ಅತ್ತಿತು. ನಾವು ಹಲ್ಲು ಮೂಡುವ ಸಂಕಟವೆಂದು ಬಗೆದು ಸುಮ್ಮನಿದ್ದೆವು. ಇದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ವಾಲ್ವನ್ನು ಕೀಳಿಸಿ, ಕೊಳವೆಯನ್ನು ತಲೆಗಿಂತ ಎತ್ತರಕ್ಕೆ ಬೆಳೆಸಿ, ತುದಿಗೆ ಸೊಳ್ಳೆಬಲೆ ಕಟ್ಟಿಸಿದ ಮೇಲೆ ಒಳಗೂ ಹೊರಗೂ ವಾಸನೆ ನಿಂತಿತು. ಸೆಪ್ಟಿಕ್ ಟ್ಯಾಂಕು ಮನೆಯಿಂದ 15 ಮೀಟರಿಗಿಂತ ಹತ್ತಿರದಲ್ಲಿದ್ದರೆ ಅದರ ಗಾಳಿಕೊಳವೆ ಮಾಳಿಗೆಗಿಂತ ಸುಮಾರು 2 ಮೀಟರು ಎತ್ತರವಿರಬೇಕೆಂದು ಐ.ಎಸ್. 2470 ಎಂಬ ಭಾರತೀಯ ಮಾನಕವೇ ಹೇಳುತ್ತದೆ. ನಾವು ಅದನ್ನೋದಿದ್ದು ಆಮೇಲೆ.

ಆದುದರಿಂದ ಮಿತ್ರರು ಮೊದಲು ಮಾಳಿಗೆಯನ್ನು ಹತ್ತಿ ನೋಡಲಿ. ಆಕಾಶಕ್ಕೆ ತೆರೆದ ಕೊಳವೆಯೊಂದು ಅಲ್ಲಿದ್ದು ಅದು ಹಾಗೆಯೇ ಉಳಿಯುವುದಾದರೆ, ಹೊಸ ಬಚ್ಚಲಿನ ಕವಲುಕೊಳವೆಗೆ ವಾಲ್ವನ್ನು ಧಾರಾಳವಾಗಿ ಹಾಕಿಸಬಹುದು, ಇಲ್ಲವಾದರೆ ಕೂಡದು. ಕೊಳ್ಳುವಾಗ ಯೂರೋಪಿನ ಇ.ಎನ್. 12380 ಅಥವಾ ಅಮೆರಿಕದ ಎ.ಎಸ್.ಎಸ್.ಇ. 1051 ಎಂಬ ಗುರುತನ್ನು ನೋಡತಕ್ಕದ್ದು. ಗುರುತಿಲ್ಲದ ಅಗ್ಗದ ಮಾಲು ಬೇಡ. ಅಳತೆ ಕವಲುಕೊಳವೆಗೆ ಒಪ್ಪಬೇಕು. ವಾಲ್ವು ನೆಟ್ಟಗೆ, ಅಡ್ಡಕೊಳವೆಗಿಂತ ನಾಲ್ಕಂಗುಲವಾದರೂ ಮೇಲೆ ನಿಲ್ಲಬೇಕು. ಮೇಸ್ತ್ರಿಗಳು ಅಂದಕ್ಕಾಗಿ ಅದನ್ನು ಗಾರೆಯೊಳಗೆ ಹುಗಿಯಲು ಹೊರಡುವರು, ಬಿಡಕೂಡದು. ಅದಕ್ಕೆ ಗಾಳಿ ಸಿಕ್ಕಬೇಕು, ರಬ್ಬರು ಕೆಟ್ಟ ದಿನ ನಮ್ಮ ಕೈಗೂ ಸಿಕ್ಕಬೇಕು. ಜಾಲರಿಯ ಮುಚ್ಚಳವಿರುವ ಪುಟ್ಟ ಗೂಡು ಸಾಕು.

ವಾಲ್ವಿನಿಂದ ಆಗದ ಕೆಲಸವೊಂದುಂಟು. ಶ್ರೀನಿವಾಸಪುರದ ಕಡೆ ಮಾವಿನ ಕಾಲದಲ್ಲಿ ಊರ ಮನೆಗೆ ಬೀಗ ಹಾಕಿ ವಾರಗಟ್ಟಲೆ ತೋಟದಲ್ಲಿರುವವರುಂಟು. ಆ ಬಿಸಿಲಿಗೆ ಟ್ರ್ಯಾಪಿನ ನೀರು ಆರಿಹೋಗುವುದು. ಬೀಗ ತೆಗೆದಾಗ ಮನೆ ನಾರಿದರೆ ಅಂಗಡಿಗೆ ಓಡಬೇಕಾಗಿಲ್ಲ. ಕಿಟಕಿಗಳನ್ನು ತೆರೆದು, ಬಚ್ಚಲ ತೂಬಿಗೆ ಒಂದೆರಡು ಚೊಂಬು ನೀರು ಸುರಿದರಾಯಿತು. ಕೊಳವೆಬಾವಿಯ ನೀರನ್ನು ಎಣಿಸಿ ಬಳಸುವ ನಮ್ಮ ಸೀಮೆಯಲ್ಲಿಯೂ, ನೆಂಟರಿಗೆಂದು ಕಟ್ಟಿಸಿ ಬಳಸದೆ ಬಿಟ್ಟ ಬಚ್ಚಲಿಗೆ ವಾರಕ್ಕೊಮ್ಮೆ ಇಷ್ಟು ವೆಚ್ಚ ಮಾಡಲೇಬೇಕು. ನಮ್ಮ ಮನೆಯಲ್ಲಿ ಶನಿವಾರದ ಈ ಕೆಲಸವನ್ನು ಸೊಸೆ ನಮಗೇ ವಹಿಸಿದ್ದಾಳೆ.