ಈಜುಕೊಳಕ್ಕೆ ಬೀಗ ಹಾಕಿದರೆ ಸಾಲದು

ದಸರಾ ಮುಗಿದು ದೀಪಾವಳಿಯ ಸಡಗರ ಆರಂಭವಾಗುವ ಹೊತ್ತಿಗೆ ದಿಲ್ಲಿಯ ಬಯಲು ಈಜುಕೊಳಗಳು ಒಂದೊಂದಾಗಿ ಬಾಗಿಲು ಮುಚ್ಚುತ್ತವೆ. ತಾಲ್ಕಟೋರಾದಂತೆ ಸೂರಿನಡಿಯಲ್ಲಿದ್ದು ನೀರು ಬಿಸಿ ಮಾಡುವ ವ್ಯವಸ್ಥೆಯಿರುವ ಕೊಳಗಳ ಮಾತು ಬೇರೆ. ಓಖ್ಲಾ ಸುತ್ತಮುತ್ತಲಿನ ಬಂಗಲೆಗಳ ಹಿತ್ತಲಲ್ಲಿ, ವಸತಿ ಸಮುಚ್ಚಯಗಳ ಅಂಗಳದಲ್ಲಿ ಇರುವ ಕೊಳಗಳ ಗೇಟಿಗೂ ಆಗಲೇ ಬೀಗ ಬೀಳುತ್ತದೆ. ಮತ್ತೆ ಅದು ತೆರೆಯುವುದು ಏಪ್ರಿಲ್ ಬಿಸಿಲಿಗೆ. ಬೆಂಗಳೂರಿನಿಂದಲೋ ಮುಂಬಯಿಯಿಂದಲೋ ವರ್ಗವಾಗಿ ಬಂದ ಕನ್ನಡಿಗ ಕುಟುಂಬಗಳಿಗೆ ಈ ಪದ್ಧತಿ ಹೊಸತು. ಬಸವನಗುಡಿಯ ಅಕ್ವಾಟಿಕ್ ಸೆಂಟರಿನಲ್ಲಿ ಡಿಸೆಂಬರಿನಲ್ಲೂ ಮಕ್ಕಳು ಈಜುವುದನ್ನು ಕಂಡವರಿಗೆ ನೀರಿಗೆ ರಜೆ ಎಂಬುದೇ ವಿಚಿತ್ರವಾಗಿ ತೋರುತ್ತದೆ.

ಸ್ವಂತ ಈಜುಕೊಳ ಇರುವ ಕನ್ನಡಿಗರು ರಾಜಧಾನಿಯಲ್ಲಿ ಎಷ್ಟು ಮಂದಿ ಎಂದು ಓದುಗರು ನಗಬಹುದು. ಆದರೆ ಕೊಳವಿರುವ ಸೊಸೈಟಿಗಳಲ್ಲಿ ಫ್ಲ್ಯಾಟು ಇರುವವರು ಹಲವರಿದ್ದಾರೆ. ಸಮಿತಿಯ ಖಜಾಂಚಿ ಹುದ್ದೆ ‘ಮದರಾಸಿ’ಗೇ ಸರಿ ಎಂದು ಉತ್ತರದವರು ಒಪ್ಪಿಸಿಬಿಡುವುದರಿಂದ, ಈ ಕೊಳದ ಖರ್ಚು ವೆಚ್ಚದ ಕಾಗದಕ್ಕೆ ಸಹಿ ಹಾಕುವ ಸಂದರ್ಭ ನಮ್ಮವರಿಗೆ ಆಗಾಗ ಬರುತ್ತದೆ. ಆದ್ದರಿಂದ ವಿಷಯ ಅಷ್ಟೊಂದು ದೂರದ್ದಲ್ಲ.

ಸಾಮಾನ್ಯವಾಗಿ ಆಗುವುದು ಇಷ್ಟು. ಅಕ್ಟೋಬರಿನಲ್ಲಿ ಕೊಳ ನೋಡಿಕೊಳ್ಳುವವನ ಲೆಕ್ಕ ಚುಕ್ತಾ ಮಾಡಿ ಕಳುಹಿಸುತ್ತಾರೆ. ಆಮೇಲೆ ಒಂದೋ ನೀರನ್ನೆಲ್ಲ ಮೋರಿಗೆ ಬಿಡುತ್ತಾರೆ, ಇಲ್ಲವೇ ಇದ್ದ ನೀರನ್ನು ಇದ್ದ ಹಾಗೇ ಬಿಟ್ಟು ಮರೆಯುತ್ತಾರೆ. ಎರಡೂ ತಪ್ಪು ಎಂದು ಹೇಳದೆ ವಿಧಿಯಿಲ್ಲ.

ಮರೆತು ಬಿಡುವುದರ ಫಲವನ್ನು ಮೊದಲು ನೋಡೋಣ. ದಿಲ್ಲಿಯಲ್ಲಿ ಡೆಂಗಿ ಹೆಚ್ಚುವುದು ಮಳೆ ನಿಂತ ಮೇಲೆ, ಅಂದರೆ ಸೆಪ್ಟೆಂಬರಿನಿಂದ ನವೆಂಬರಿನವರೆಗೆ. 1996ರ ಆ ಭೀಕರ ಹಾವಳಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಜ್ವರಕ್ಕೆ ತುತ್ತಾಗಿ ನಾನೂರಕ್ಕೂ ಹೆಚ್ಚು ಮಂದಿ ಅಸುನೀಗಿದ್ದನ್ನು ಹಳಬರು ಮರೆತಿಲ್ಲ. 2015ರಲ್ಲಿ ರೋಗಿಗಳ ಸಂಖ್ಯೆ ಹದಿನೈದು ಸಾವಿರ ದಾಟಿತು. ಈ ಜ್ವರ ಹರಡುವ ಈಡಿಸ್ ಸೊಳ್ಳೆಗೆ ಬೇಕಾದುದು ಚರಂಡಿಯಲ್ಲ, ನಿಂತ ತಿಳಿನೀರು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಅದಕ್ಕೆ ಸುಮಾರು ಒಂದು ವಾರ ಹತ್ತು ದಿನ ಸಾಕು. ಕ್ಲೋರಿನ್ ಇದ್ದು ಪಂಪು ತಿರುಗುತ್ತಿರುವವರೆಗೆ ಕೊಳದಲ್ಲಿ ಅದು ಬೆಳೆಯದು. ಜನ ಈಜುವುದನ್ನು ನಿಲ್ಲಿಸಿ, ಪಂಪು ನಿಂತು, ಕ್ಲೋರಿನ್ ಆರಿಹೋಗುವುದು ನಿಖರವಾಗಿ ಡೆಂಗಿಯ ತಿಂಗಳಿನಲ್ಲೇ. ಹಗಲು ಕಚ್ಚುವ ಈ ಸೊಳ್ಳೆ ಕೊಳದ ಯಜಮಾನನನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಗೇಟಿನ ಕಾವಲುಗಾರ, ಇಸ್ತ್ರಿ ಗಾಡಿಯವನು, ಪಕ್ಕದ ಗಲ್ಲಿಯ ಶಾಲಾ ಮಕ್ಕಳು, ಯಾರು ಸಿಕ್ಕರೂ ಅದಕ್ಕೆ ಸರಿ. ನಗರ ಪಾಲಿಕೆಯ ತಪಾಸಣೆ ಕಾರ್ಮಿಕರು ಸಾಮಾನ್ಯರ ಮನೆಯ ಕೂಲರಿನ ಅಡಿ ಬಗ್ಗಿ ಬ್ಯಾಟರಿ ಬಿಟ್ಟು ನೋಡುತ್ತಾರೆ. ದೊಡ್ಡ ಮನೆಯ ಗೇಟು ಅವರಿಗೆ ಅಷ್ಟು ಸುಲಭವಾಗಿ ತೆರೆಯುವುದಿಲ್ಲ.

ಹಾಗಾದರೆ ಖಾಲಿ ಮಾಡುವುದೇ ಕ್ಷೇಮವಲ್ಲವೇ ಎನ್ನಬಹುದು. ಲೆಕ್ಕ ಹಾಕಿ ನೋಡಬೇಕು. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರ್ ಆಳದ ಮನೆಕೊಳವೆಂದರೆ 40,000 ಲೀಟರ್. 2015ರಲ್ಲಿ ದಿಲ್ಲಿ ಸರಕಾರ ಒಂದು ಮನೆಗೆ ತಿಂಗಳಿಗೆ 20,000 ಲೀಟರ್ ವರೆಗೆ ನೀರನ್ನು ಉಚಿತ ಮಾಡಿದಾಗ, ಒಂದು ಸಂಸಾರಕ್ಕೆ ಅಷ್ಟು ಸಾಕು ಎಂಬುದು ಅದರ ಅಂದಾಜಾಗಿತ್ತು. ಅಂದರೆ ಮೋರಿಗೆ ಹೋದದ್ದು ಒಂದು ಸಂಸಾರದ ಎರಡು ತಿಂಗಳ ನೀರು. ಸೊಸೈಟಿಯ ಕೊಳ 20 ಮೀಟರ್ ಉದ್ದ, 8 ಮೀಟರ್ ಅಗಲವಿದ್ದರೆ ಅದೇ ಆಳಕ್ಕೆ ಎರಡು ಲಕ್ಷ ಲೀಟರ್, ಹತ್ತು ಸಾವಿರ ಲೀಟರಿನ ಇಪ್ಪತ್ತು ಟ್ಯಾಂಕರ್. ಈ ಟ್ಯಾಂಕರುಗಳನ್ನು ಕರೆಯಬೇಕಾದುದು ಯಾವಾಗ? ಬೇಸಿಗೆಯ ಬಾಗಿಲಲ್ಲಿ, ಓಖ್ಲಾದ ಜುಗ್ಗಿಗಳಲ್ಲಿ ಜನ ಕೊಡ ಹಿಡಿದು ಟ್ಯಾಂಕರಿನ ಹಿಂದೆ ಓಡುವ ದಿನಗಳಲ್ಲಿ. 2024ರ ಮೇ ಕೊನೆಯಲ್ಲಿ ದಿಲ್ಲಿ ಸರಕಾರ ಪೈಪು ಹಿಡಿದು ಕಾರು ತೊಳೆದವರಿಗೂ 2,000 ರೂ. ದಂಡ ಹಾಕಲು ಹೊರಟಿತ್ತು. ಅದೇ ವರ್ಷ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ, ತಪ್ಪಿದವರಿಗೆ 5,000 ರೂ. ದಂಡವೆಂದು ಸಾರಿತು. ತುಂಬಿದ ಕೊಳದ ನೀರನ್ನು ಉಳಿಸಿಕೊಂಡವನಿಗೆ ಇಂಥ ಆಜ್ಞೆಗಳ ಬಿಸಿ ಅಷ್ಟಾಗಿ ತಟ್ಟುವುದಿಲ್ಲ.

ಖಾಲಿ ಮಾಡುವುದರಲ್ಲಿ ಇನ್ನೊಂದು ಅಪಾಯವಿದೆ. ಓಖ್ಲಾ ಯಮುನೆಯ ಮಗ್ಗುಲಿನ ಊರು. ಬ್ರಿಟಿಷರ ಕಾಲದಲ್ಲಿ ಆಗ್ರಾ ಕಾಲುವೆಯನ್ನು ಇಲ್ಲಿಂದಲೇ ತೆಗೆದರು. 2023ರ ಜುಲೈಯಲ್ಲಿ ನದಿ 208.66 ಮೀಟರಿಗೇರಿ ಹಳೆಯ ದಾಖಲೆ ಮುರಿದದ್ದು ಎಲ್ಲರಿಗೂ ಗೊತ್ತಿದೆ. ನದಿಯಂಚಿನ ತಗ್ಗಿನಲ್ಲಿ ಮಳೆಗಾಲದ ಬೆನ್ನಿಗೆ ನೆಲದಡಿಯ ನೀರು ಮೇಲಕ್ಕೆ ಬಂದಿರುತ್ತದೆ. ಬಾವಿಯಲ್ಲಿ ತುಂಬಿದ ಕೊಡ ಮುಳುಗುತ್ತದೆ, ಬರಿ ಕೊಡ ತೇಲುತ್ತದೆ. ಹಾಗೆಯೇ ಬರಿದಾದ ಕೊಳದ ತೊಟ್ಟಿಯನ್ನು ಕೆಳಗಿನ ನೀರು ಮೇಲಕ್ಕೊತ್ತಿ ತಳ ಬಿರಿಯಬಹುದು, ಟೈಲ್ಸ್ ಏಳಬಹುದು. ಛತ್ತರ್‌ಪುರ, ಮೆಹ್ರೌಲಿಯ ಫಾರ್ಮ್‌ಹೌಸುಗಳಿಗೆ ಈ ಭಯವಿಲ್ಲ, ಅಲ್ಲಿ ಅಂತರ್ಜಲ ಪಾತಾಳಕ್ಕಿಳಿದಿದೆ. ಮೇಲಾಗಿ ಖಾಲಿ ಮಾಡಿದ ಕೊಳ ನಿಜವಾಗಿ ಖಾಲಿಯಾಗುವುದೂ ಇಲ್ಲ. ಆಳದ ಮೂಲೆಯಲ್ಲಿ ಗೇಣುದ್ದ ನೀರು ನಿಲ್ಲುತ್ತದೆ, ಜನವರಿಯ ಮಾವಠ ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಈಡಿಸಿನ ಮೊಟ್ಟೆಗಳು ಒಣಗಿದ ಗೋಡೆಯಲ್ಲೂ ತಿಂಗಳುಗಟ್ಟಲೆ ಸಾಯದೆ ಕಾಯುತ್ತವೆ.

ಇನ್ನು ಕೆಲವು ಗುತ್ತಿಗೆದಾರರು ಪರದೇಶದ ಪುಸ್ತಕ ನೋಡಿ ‘ವಿಂಟರ್ ಕಿಟ್’ ಎಂದು ಮಾರುವುದುಂಟು. ಕೊಳವೆಯ ನೀರು ಊದಿ ತೆಗೆಯುವುದು, ಹೆಪ್ಪುಗಟ್ಟದ ದ್ರಾವಣ ಹಾಕುವುದು ಇತ್ಯಾದಿ. ಅಮೆರಿಕ, ಕೆನಡಾಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಅದು ಅನಿವಾರ್ಯ. ಅಲ್ಲಿ ನೀರು ಹಿಮಗಟ್ಟಿ ಕೊಳವೆ ಸೀಳುತ್ತದೆ. ದಿಲ್ಲಿಯ ಚಳಿ ಎಷ್ಟೇ ಕೊರೆದರೂ ಸಫ್ದರ್‌ಜಂಗ್‌ನಲ್ಲಿ 1935ರ ಜನವರಿಯಲ್ಲಿ ದಾಖಲಾದದ್ದು ಮೈನಸ್ 0.6 ಡಿಗ್ರಿ. ಒಂದು ರಾತ್ರಿಯ ಅಷ್ಟು ಚಳಿಗೆ ನಲವತ್ತು ಟನ್ ನೀರು ಹೆಪ್ಪುಗಟ್ಟುವುದಿಲ್ಲ. ಇಲ್ಲಿಯ ವೈರಿ ಹಿಮವಲ್ಲ, ಸೊಳ್ಳೆ ಮತ್ತು ಧೂಳು. ದೀಪಾವಳಿಯ ನಂತರ ಕವಿಯುವ ಹೊಗೆಮಂಜಿನ ಮಸಿ ನೀರಿಗಿಳಿಯುತ್ತದೆ. ಕಸ ಸುಟ್ಟು ವಿದ್ಯುತ್ ತೆಗೆಯುವ ಓಖ್ಲಾದ ಸ್ಥಾವರ ಬೇಡವೆಂದು ಸುಖದೇವ ವಿಹಾರದ ನಿವಾಸಿಗಳು 2009ರಲ್ಲೇ ಕೋರ್ಟಿನ ಮೆಟ್ಟಿಲೇರಿದ್ದರು ಎಂಬುದನ್ನು ನೆನೆದರೆ, ಈ ಭಾಗದ ಗಾಳಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಆದ್ದರಿಂದ ನೀರನ್ನು ಉಳಿಸಿ, ಅರ್ಧ ಆರೈಕೆಯಲ್ಲಿ ಇಡುವುದೇ ದಿಲ್ಲಿಗೆ ಹೊಂದುವ ಕ್ರಮ. ಮುಚ್ಚುವ ವಾರದಲ್ಲಿ ತಳ ಗುಡಿಸಿ, ಗೋಡೆಯ ಪಾಚಿ ಉಜ್ಜಿ, ಫಿಲ್ಟರನ್ನು ಹಿಮ್ಮುಖವಾಗಿ ತೊಳೆದು, ಹನಿ ಹಾಕಿ ಬಣ್ಣ ನೋಡುವ ಆ ಸಣ್ಣ ಪೆಟ್ಟಿಗೆಯಿಂದ ನೀರಿನ ಪಿಎಚ್ 7.2ರಿಂದ 7.6ರ ನಡುವೆ, ಕ್ಲೋರಿನ್ ಲೀಟರಿಗೆ ಒಂದರಿಂದ ಮೂರು ಮಿಲಿಗ್ರಾಂ ಇರುವಂತೆ ನೋಡಿಕೊಳ್ಳಬೇಕು. ಚಳಿ ನೀರಿನಲ್ಲಿ ಪಾಚಿ ನಿಧಾನವಾಗಿ ಬೆಳೆಯುತ್ತದೆ, ಬಿಸಿಲು ಮೆತ್ತಗಿರುವುದರಿಂದ ಕ್ಲೋರಿನ್ನೂ ಹೆಚ್ಚು ದಿನ ಬಾಳುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಎಂಟು ಗಂಟೆ ಓಡುವ ಪಂಪು ಡಿಸೆಂಬರಿನಲ್ಲಿ ದಿನಕ್ಕೆ ಎರಡು ಗಂಟೆ ಓಡಿದರೂ ಸಾಗುತ್ತದೆ. ಆದರೆ ನವೆಂಬರಿನಲ್ಲಿ ಮಾತ್ರ ಜಿಪುಣತನ ಕೂಡದು. ಅಡಿಕೆ ತೋಟದ ನೆನಪಿನಿಂದ ಮೈಲುತುತ್ತ ಹಾಕಲು ಹೊರಡುವವರು ಜಾಗ್ರತೆ ವಹಿಸಬೇಕು. ಅದು ಪಾಚಿಯನ್ನು ಕೊಲ್ಲುತ್ತದೆ ನಿಜ, ಅತಿಯಾದರೆ ಗೋಡೆಗೆ ಕಲೆ ಕಟ್ಟುತ್ತದೆ.

ಮೇಲೆ ಟಾರ್ಪಾಲಿನ್ ಹೊದಿಸುವುದಾದರೆ ಜೋಲು ಬೀಳದಂತೆ ಬಿಗಿಯಬೇಕು. ಜೋತಲ್ಲಿ ಮಳೆನೀರು ನಿಂತು ಸೊಳ್ಳೆಗೆ ಹೊಸ ತೊಟ್ಟಿಲಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಗಟ್ಟಿ ನೆಲವೆಂದು ತಿಳಿದು ಮಗು ಅದರ ಮೇಲೆ ಕಾಲಿಟ್ಟರೆ ಹೊದಿಕೆಯೇ ಸುತ್ತಿಕೊಳ್ಳುತ್ತದೆ. ಭಾರ ತಾಳುವ ಬಲೆ, ಸುತ್ತ ಬೇಲಿ ಎರಡೂ ಬೇಕು. ಉಳಿದ ಬ್ಲೀಚಿಂಗ್ ಪೌಡರು, ಕ್ಲೋರಿನ್ ಗುಳಿಗೆ, ಆಸಿಡುಗಳನ್ನು ಒಂದೇ ಕೋಣೆಗೆ ತುಂಬಿ ಬೀಗ ಹಾಕುವ ರೂಢಿ ಎಲ್ಲಕ್ಕಿಂತ ಅಪಾಯಕಾರಿ. ತೇವಕ್ಕೆ ಡಬ್ಬಿ ಒಡೆದು ಒಂದಕ್ಕೊಂದು ಬೆರೆತರೆ ವಿಷಗಾಳಿ, ಕೆಲವೊಮ್ಮೆ ಬೆಂಕಿ. ಮಾರ್ಚಿನಲ್ಲಿ ಆ ಬಾಗಿಲು ತೆರೆಯುವವನು ಖಜಾಂಚಿಯಲ್ಲ, ದಿನಗೂಲಿಯ ಹುಡುಗ. ಹಸಿರುಗಟ್ಟಿದ ಕೊಳಕ್ಕೆ ಬರಿಗಾಲಲ್ಲಿ ಇಳಿದು ಆಸಿಡ್ ಹಾಕಿ ಉಜ್ಜುವವನೂ ಅವನೇ.

ಇಷ್ಟು ಕೆಲಸಕ್ಕೆ ಒಬ್ಬ ಮನುಷ್ಯ ಬೇಕು. ಇಡೀ ದಿನ ಬೇಕಾಗಿಲ್ಲ, ಬೆಳಿಗ್ಗೆ ಒಂದೆರಡು ಗಂಟೆ. ಅಕ್ಟೋಬರಿನಲ್ಲಿ ಸಮಿತಿಗಳು ಮೊದಲು ಕತ್ತರಿಸುವುದು ಅವನ ಸಂಬಳವನ್ನೇ. ಉಳಿತಾಯದ ಕಾಲಂನಲ್ಲಿ ಅದು ಚೆನ್ನಾಗಿ ಕಾಣುತ್ತದೆ, ಏಕೆಂದರೆ ಮಾರ್ಚಿನ ಟ್ಯಾಂಕರು, ಆಸಿಡು, ಟೈಲ್ಸ್ ದುರಸ್ತಿ ಎಲ್ಲ ಬೇರೆ ಪುಟದಲ್ಲಿ, ಕೆಲವೊಮ್ಮೆ ಬೇರೆ ಖಜಾಂಚಿಯ ಕಾಲದಲ್ಲಿ ಬರುತ್ತವೆ. ಎರಡೂ ಪುಟಗಳನ್ನು ಒಟ್ಟಿಗಿಟ್ಟು ಕೂಡಿಸಿದರೆ ಅರೆಹೊತ್ತಿನ ಸಂಬಳವೇ ಅಗ್ಗವೆಂದು ಕಾಣುವ ಸಂಭವ ಹೆಚ್ಚು. ಅವನೂ ಬಿಹಾರದಿಂದಲೋ ಪೂರ್ವ ಉತ್ತರಪ್ರದೇಶದಿಂದಲೋ ಹೊಟ್ಟೆಪಾಡಿಗೆ ಬಂದವನು. ವರ್ಷದ ಆರು ತಿಂಗಳು ಕೆಲಸವಿಲ್ಲದೆ ಊರಿಗೆ ಹೋದರೆ ಏಪ್ರಿಲಿನಲ್ಲಿ ಮರಳಿ ಬರುವ ಖಾತ್ರಿಯಿಲ್ಲ. ಆಗ ನೀರಿನ ಸ್ವಭಾವವನ್ನೇ ಅರಿಯದ ಹೊಸಬನ ಕೈಗೆ ಮಕ್ಕಳ ಕೊಳವನ್ನು ಒಪ್ಪಿಸಬೇಕಾಗುತ್ತದೆ.

ಅಕ್ಟೋಬರಿನ ಸಭೆಯಲ್ಲಿ ರಾಮಲೀಲೆಯ ಚಂದಾ, ದೀಪಾವಳಿಯ ಮಿಠಾಯಿ ಡಬ್ಬಿಗಳ ಚರ್ಚೆಗೆ ಒಂದು ಗಂಟೆ ಹಿಡಿಯುತ್ತದೆ. ಅದಕ್ಕೂ ಮೊದಲು ಕೊಳದ ಆರು ತಿಂಗಳ ಖರ್ಚು ಮತ್ತು ಆ ಮನುಷ್ಯನ ಅರೆಸಂಬಳವನ್ನು ಮಂಡಿಸಿ ಮಂಜೂರು ಮಾಡಿಸುವುದು ನಮ್ಮ ಖಜಾಂಚಿಗಳಿಗೆ ಕಷ್ಟದ ಕೆಲಸವೇನಲ್ಲ.